ಟೆಸ್ಟ್ ಪಾಸ್, ಕಂಪ್ಯೂಟರ್ ಫೇಲ್: ಡಯಾಗ್ನೋಸ್ಟಿಕ್ ಟೂಲ್‌ಗಳ ಮಾತನ್ನು ಎಷ್ಟು ನಂಬಬೇಕು?

ಕಂಪ್ಯೂಟರ್ ಆಗಾಗ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ, ಇಲ್ಲವೇ ಕೆಲಸದ ನಡುವೆ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿದೆ ಅಂತ ಯಾರ ಹತ್ತಿರವಾದರೂ ಹೇಳಿ ನೋಡಿ. ಬರುವ ಉತ್ತರ ಬಹುಪಾಲು ಒಂದೇ: ಮೆಮೊರಿಗೆ ಮೆಮ್‌ಟೆಸ್ಟ್ ಓಡಿಸಿ, ಪ್ರೊಸೆಸರ್‌ಗೆ ಪ್ರೈಮ್95 ಓಡಿಸಿ, ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್ ರಿಪೋರ್ಟ್ ನೋಡಿ. ಸಲಹೆಯಲ್ಲಿ ತಪ್ಪಿಲ್ಲ. ತಲೆನೋವು ಶುರುವಾಗುವುದು ಆಮೇಲೆ. ಎಲ್ಲ ಟೆಸ್ಟೂ ಹಸಿರು ಬಣ್ಣದಲ್ಲಿ ಪಾಸ್ ಅಂತ ತೋರಿಸುತ್ತದೆ, ಮಾರನೇ ದಿನ ಅದೇ ಕಂಪ್ಯೂಟರ್ ಮತ್ತೆ ಹ್ಯಾಂಗ್ ಆಗುತ್ತದೆ. ಆಗ ಕೆಲವರು "ಹಾರ್ಡ್‌ವೇರ್ ಸರಿ ಇದೆ, ತಪ್ಪೆಲ್ಲ ವಿಂಡೋಸ್‌ದು" ಅಂತ ಮೂರು ಸಲ ಹೊಸದಾಗಿ ಇನ್‌ಸ್ಟಾಲ್ ಮಾಡುತ್ತಾರೆ. ಇನ್ನು ಕೆಲವರು "ಈ ಟೂಲ್‌ಗಳೆಲ್ಲ ಸುಮ್ನೆ" ಅಂತ ಕೈಬಿಡುತ್ತಾರೆ. ಎರಡೂ ದಾರಿ ತಪ್ಪಿದ ತೀರ್ಮಾನಗಳೇ.

ಈ ಟೂಲ್‌ಗಳು ಸುಳ್ಳು ಹೇಳುವುದು ಅಪರೂಪ. ನಾವು ಕೇಳುವ ಪ್ರಶ್ನೆ ಒಂದು, ಅವು ಉತ್ತರ ಕೊಡುವ ಪ್ರಶ್ನೆ ಇನ್ನೊಂದು, ಅಷ್ಟೇ. ನಮಗೆ ಬೇಕಿರುವುದು "ನನ್ನ ಕಂಪ್ಯೂಟರ್ ನಂಬಿಕಸ್ಥವಾ?" ಅನ್ನುವುದಕ್ಕೆ ಉತ್ತರ. ಟೂಲ್ ಹೇಳುವುದು "ನಾನು ಕೊಟ್ಟ ಈ ಲೆಕ್ಕ, ಈ ಬಿಸಿಯಲ್ಲಿ, ಈ ವೋಲ್ಟೇಜಿನಲ್ಲಿ, ಇಷ್ಟು ಹೊತ್ತು ತಪ್ಪಿಲ್ಲದೆ ನಡೆಯಿತು" ಅಂತ ಮಾತ್ರ. ಹಾಗಾಗಿ ಪಾಸ್ ಮತ್ತು ಫೇಲ್ ಎರಡಕ್ಕೂ ಒಂದೇ ತೂಕ ಇಲ್ಲ. ಫೇಲ್ ಆಯಿತು ಅಂದರೆ ಎಲ್ಲೋ ಏನೋ ಕೆಟ್ಟಿದೆ ಅನ್ನುವುದು ಹೆಚ್ಚುಕಡಿಮೆ ಖಚಿತ. ಪಾಸ್ ಆಯಿತು ಅಂದರೆ ಆ ಹೊತ್ತಿನಲ್ಲಿ, ಆ ರೀತಿಯ ಕೆಲಸದಲ್ಲಿ ತಪ್ಪು ಕಣ್ಣಿಗೆ ಬೀಳಲಿಲ್ಲ, ಅದಕ್ಕಿಂತ ಜಾಸ್ತಿ ಏನೂ ಇಲ್ಲ.

ಎಂಟು ಗಂಟೆ ಓಡಿಸಿದರೆ ಸಾಕಾ?

ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಕಂಪ್ಯೂಟರ್ ಸರಾಸರಿ ವಾರಕ್ಕೊಮ್ಮೆ, ಅಂದರೆ 168 ಗಂಟೆ ಓಡಿದರೆ ಒಂದು ಸಲ, ಯಾವಾಗ ಬೇಕಾದರೂ ಕ್ರ್ಯಾಶ್ ಆಗುತ್ತದೆ ಅಂದುಕೊಳ್ಳಿ. ಟೆಸ್ಟ್ ಹಾಕಿದ್ದು 8 ಗಂಟೆ. ಟೆಸ್ಟ್ ಮಾಡುವ ಕೆಲಸ ನಿಮ್ಮ ದಿನನಿತ್ಯದ ಕೆಲಸದಷ್ಟೇ ಕಷ್ಟದ್ದಾಗಿದ್ದರೆ, ಆ 8 ಗಂಟೆಯಲ್ಲಿ ತೊಂದರೆ ಕಾಣಿಸಿಕೊಳ್ಳದೇ ಇರುವ ಸಾಧ್ಯತೆ ಶೇ. 95. ಕೆಟ್ಟ ಯಂತ್ರವೇ ನೂರಕ್ಕೆ 95 ಸಲ ಪಾಸ್ ಆಗುತ್ತದೆ! ದಿನಕ್ಕೊಮ್ಮೆ ಬೀಳುವ ಯಂತ್ರವೂ 8 ಗಂಟೆಯ ಟೆಸ್ಟಿನಲ್ಲಿ ಸಿಕ್ಕಿಬೀಳದೆ ತಪ್ಪಿಸಿಕೊಳ್ಳುವ ಸಾಧ್ಯತೆ ಶೇ. 70ಕ್ಕೂ ಮೇಲಿದೆ.

ಟೂಲ್‌ಗಳು ಉಪಯೋಗಕ್ಕೆ ಬರುವುದು ಅವು ಸಾಮಾನ್ಯ ಕೆಲಸಕ್ಕಿಂತ ಬಹಳ ಜಾಸ್ತಿ ಒತ್ತಡ ಹಾಕುವುದರಿಂದ. ಟೆಸ್ಟ್ ಆ ತಪ್ಪು ಹೊರಬೀಳುವ ಸಾಧ್ಯತೆಯನ್ನು 20 ಪಟ್ಟು ಹೆಚ್ಚಿಸುತ್ತದೆ ಅಂತಿಟ್ಟುಕೊಂಡರೆ, ವಾರಕ್ಕೊಮ್ಮೆ ಬೀಳುವ ಯಂತ್ರ ಪಾಸ್ ಆಗುವ ಸಾಧ್ಯತೆ ಶೇ. 95ರಿಂದ ಶೇ. 39ಕ್ಕೆ ಇಳಿಯುತ್ತದೆ. ಒಳ್ಳೆಯದೇ. ಆದರೆ ಇಲ್ಲಿ ಒಂದು ಷರತ್ತಿದೆ: ಆ ಒತ್ತಡ ಕೆಟ್ಟಿರುವ ಜಾಗದ ಮೇಲೇ ಬೀಳಬೇಕು. ಬೇರೆ ಕಡೆ ಎಷ್ಟು ಒತ್ತಿದರೂ ಪ್ರಯೋಜನ ಇಲ್ಲ. ಯಾವ ಟೂಲ್ ಎಲ್ಲಿ ಒತ್ತುತ್ತದೆ, ಎಲ್ಲಿ ಮುಟ್ಟುವುದೇ ಇಲ್ಲ ಅನ್ನುವುದು ಗೊತ್ತಿದ್ದರೆ ಅರ್ಧ ಗೊಂದಲ ಕಮ್ಮಿಯಾಗುತ್ತದೆ.

ಮೆಮೊರಿ: ಟೂಲ್‌ಗಳಲ್ಲಿ ಒಳ್ಳೆಯದು ಇದೇ, ಆದರೂ

ಮೆಮ್‌ಟೆಸ್ಟ್86 ಅನ್ನು ಕ್ರಿಸ್ ಬ್ರೇಡಿ 1994ರಲ್ಲಿ ಬರೆದರು. ಈಗ ಅದು ಪಾಸ್‌ಮಾರ್ಕ್ ಕಂಪನಿಯ ಕೈಯಲ್ಲಿದೆ. ಹೆಸರಿನ ಕೊನೆಗೆ ಪ್ಲಸ್ ಇರುವ ಮೆಮ್‌ಟೆಸ್ಟ್86+ 2004ರಲ್ಲಿ ಅದರಿಂದ ಕವಲೊಡೆದ ಓಪನ್ ಸೋರ್ಸ್ ಟೂಲ್. ಹೆಸರು ಹತ್ತಿರ ಹತ್ತಿರ ಇರುವುದರಿಂದ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಆದರೆ ಬೇರೆ ಬೇರೆ. ಎರಡೂ ಪೆನ್ ಡ್ರೈವ್‌ನಿಂದ ನೇರವಾಗಿ ಶುರುವಾಗುತ್ತವೆ. ವಿಂಡೋಸ್ ಒಳಗೆ ಓಡುವ ಟೂಲ್‌ಗೆ ವಿಂಡೋಸ್ ಹಿಡಿದುಕೊಂಡು ಕೂತಿರುವ ಮೆಮೊರಿಯನ್ನು ಮುಟ್ಟಲು ಆಗುವುದಿಲ್ಲ. ಹೊರಗಿನಿಂದ ಶುರುವಾಗುವ ಟೂಲ್‌ಗೆ ಹೆಚ್ಚುಕಡಿಮೆ ಎಲ್ಲ ಜಾಗವೂ ಸಿಗುತ್ತದೆ.

ಕೆಲಸ ಸರಳ. ಒಂದು ಮಾದರಿಯ ಸೊನ್ನೆ-ಒಂದುಗಳನ್ನು ಮೆಮೊರಿಯ ತುಂಬ ಬರೆಯುವುದು, ವಾಪಸ್ ಓದುವುದು, ಬರೆದದ್ದೂ ಓದಿದ್ದೂ ಒಂದೇನಾ ನೋಡುವುದು, ಆಮೇಲೆ ಮಾದರಿ ಬದಲಿಸಿ ಮತ್ತೆ ಬರೆಯುವುದು. 16 ಜಿಬಿ ಮೆಮೊರಿ ಅಂದರೆ ಸುಮಾರು 13,700 ಕೋಟಿ ಬಿಟ್. ಅದರಲ್ಲಿ ಒಂದು ಬಿಟ್ ಸೊನ್ನೆಯಲ್ಲೇ ಅಂಟಿಕೊಂಡು ಕೂತಿದ್ದರೆ ಮೆಮ್‌ಟೆಸ್ಟ್ ಮೊದಲ ಸುತ್ತಿನಲ್ಲೇ ಹಿಡಿಯುತ್ತದೆ. ಪೂರ್ತಿ ಕೆಟ್ಟ ಬಿಟ್ ಹುಡುಕುವುದಕ್ಕೆ ಇದಕ್ಕಿಂತ ನಂಬಿಕೆಯ ಟೂಲ್ ಇಲ್ಲ ಅಂತಲೇ ನಾನು ಹೇಳುತ್ತೇನೆ.

ಅರ್ಧಂಬರ್ಧ ಕೆಟ್ಟಿರುವ ಬಿಟ್‌ಗಳದ್ದೇ ಕಷ್ಟ. ಡಿರ‍್ಯಾಮ್‌ನಲ್ಲಿ (ಅಂದರೆ ಮೆಮೊರಿ ಚಿಪ್‌ಗಳಲ್ಲಿ) ಪ್ರತಿ ಬಿಟ್ ಅಂದರೆ ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ನಿಂತ ವಿದ್ಯುತ್. ಅದು ಸದಾ ಸೋರುತ್ತಲೇ ಇರುತ್ತದೆ, ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಮತ್ತೆ ತುಂಬಿಸಬೇಕು. ಬಿಸಿ ಏರಿದಷ್ಟೂ ಸೋರಿಕೆ ಜಾಸ್ತಿ, ಅದಕ್ಕೇ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎರಡು ಪಟ್ಟು ಬೇಗ ತುಂಬಿಸಬೇಕೆಂಬ ನಿಯಮ ಇದೆ. ಈಗ ಯೋಚಿಸಿ: ಮೆಮ್‌ಟೆಸ್ಟ್ ಓಡುವಾಗ ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸವೇ ಇರುವುದಿಲ್ಲ, ಕೇಸ್ ಒಳಗೆ ತಣ್ಣಗಿರುತ್ತದೆ. ಗೇಮ್ ಶುರುಮಾಡಿದ ಮೇಲೆ ಅದೇ ಗ್ರಾಫಿಕ್ಸ್ ಕಾರ್ಡ್ ನೂರಾರು ವಾಟ್ ಬಿಸಿಯನ್ನು ಪಕ್ಕದಲ್ಲೇ ಇರುವ ರ‍್ಯಾಮ್ ಮೇಲೆ ಸುರಿಯುತ್ತದೆ. ರಾತ್ರಿಯೆಲ್ಲ ಟೆಸ್ಟ್ ಪಾಸ್ ಆಗಿ, ಗೇಮ್ ಆಡುವಾಗ ಅರ್ಧ ಗಂಟೆಗೆ ಕ್ರ್ಯಾಶ್ ಆಗುವುದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಇದರ ಜೊತೆಗೆ ಇನ್ನೂ ಕೆಲವು ಕಿರಿಕಿರಿಗಳಿವೆ. ಕೆಲವು ಬಿಟ್‌ಗಳು ವಿದ್ಯುತ್ ಹಿಡಿದಿಟ್ಟುಕೊಳ್ಳುವ ಅವಧಿ ಒಂದೇ ತೆರನಾಗಿ ಇರುವುದಿಲ್ಲ, ಒಮ್ಮೆ ಚೆನ್ನಾಗಿರುತ್ತದೆ, ಇನ್ನೊಮ್ಮೆ ಬೇಗ ಸೋರುತ್ತದೆ, ಅಂಥದ್ದನ್ನು ಒಂದು ರಾತ್ರಿಯ ಟೆಸ್ಟಿನಲ್ಲಿ ಹಿಡಿಯುವುದು ಅದೃಷ್ಟದ ಮಾತು. ಒಂದು ಸಾಲನ್ನು ಪದೇ ಪದೇ ಓದಿದರೆ ಪಕ್ಕದ ಸಾಲಿನ ಬಿಟ್ ತಿರುಗಿಬಿಡುವ ರೋ ಹ್ಯಾಮರ್ ಅನ್ನುವ ತೊಂದರೆಯನ್ನು ಸಂಶೋಧಕರು 2014ರಲ್ಲಿ ವಿವರವಾಗಿ ತೋರಿಸಿದರು. ಮೆಮ್‌ಟೆಸ್ಟ್86ರಲ್ಲಿ ಅದಕ್ಕೂ ಒಂದು ಟೆಸ್ಟ್ ಇದೆ. ಆದರೆ ಆ ಟೆಸ್ಟ್ ಒಂದರಲ್ಲೇ ತಪ್ಪು ಬಂದು ಉಳಿದದ್ದೆಲ್ಲ ಸರಿ ಇದ್ದರೆ ದಿನನಿತ್ಯದ ಕ್ರ್ಯಾಶ್‌ಗೆ ಅದೇ ಕಾರಣ ಅಂತ ಹೇಳಲು ಬರುವುದಿಲ್ಲ.

ಇನ್ನೊಂದು ವಿಷಯ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಂಪ್ಯೂಟರ್ ಆನ್ ಆಗುವಾಗ ಮದರ್‌ಬೋರ್ಡ್ ಮೆಮೊರಿಯ ಜೊತೆ ಸಿಗ್ನಲ್‌ಗಳ ಟೈಮಿಂಗ್ ಹೊಂದಿಸಿಕೊಳ್ಳುತ್ತದೆ, ಇದಕ್ಕೆ ಟ್ರೇನಿಂಗ್ ಅನ್ನುತ್ತಾರೆ. ಅದರ ಫಲಿತಾಂಶ ಪ್ರತಿ ಸಲ ಕೂದಲೆಳೆಯಷ್ಟು ಬೇರೆ ಬರಬಹುದು. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲ್ (ಮೆಮೊರಿಯ ವೇಗ ಏರಿಸುವ ಸಿದ್ಧ ಸೆಟ್ಟಿಂಗ್) ಹಾಕಿ ಮೆಮೊರಿಯನ್ನು ಅಂಚಿನಲ್ಲೇ ಓಡಿಸುತ್ತಿದ್ದರೆ, ಈ ಸಲ ಆನ್ ಆದಾಗ ಪಾಸ್, ನಾಳೆ ಆನ್ ಆದಾಗ ಫೇಲ್ ಅನ್ನುವಂಥ ಸ್ಥಿತಿ ಬರುತ್ತದೆ. ಬಾಕ್ಸ್ ಮೇಲೆ ಬರೆದಿರುವ ವೇಗವೇ ಅಲ್ವಾ ಅಂತ ಕೇಳಬಹುದು. ಹೌದು, ಆದರೆ ಆ ವೇಗ ಸಾಮಾನ್ಯವಾಗಿ ಪ್ರೊಸೆಸರ್ ತಯಾರಕರು ಒಪ್ಪಿದ ಮಿತಿಗಿಂತ ಮೇಲಿರುತ್ತದೆ, ಅಂದರೆ ಅದೂ ಓವರ್‌ಕ್ಲಾಕೇ. ಹಾಗಾಗಿ ಒಂದೇ ಸಲ ಹನ್ನೆರಡು ಗಂಟೆ ಟೆಸ್ಟ್ ಮಾಡುವುದಕ್ಕಿಂತ, ಪೂರ್ತಿ ಆಫ್ ಮಾಡಿ ಆನ್ ಮಾಡಿ ಮೂರು ಸಲ ನಾಲ್ಕು ನಾಲ್ಕು ಗಂಟೆ ಮಾಡುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಫೇಲ್ ಬಂದರೂ ಕೂಡಲೇ ರ‍್ಯಾಮ್ ಬಿಸಾಡಬೇಡಿ. ಟೂಲ್‌ಗೆ ಗೊತ್ತಿರುವುದು ಬರೆದದ್ದು ಹಾಗೇ ವಾಪಸ್ ಬರಲಿಲ್ಲ ಅನ್ನುವುದಷ್ಟೇ. ತಪ್ಪು ಸ್ಟಿಕ್‌ನಲ್ಲಿರಬಹುದು, ಸ್ಲಾಟ್‌ನಲ್ಲಿ ಕೂತ ಧೂಳಿನಲ್ಲಿರಬಹುದು, ಪ್ರೊಸೆಸರ್ ಒಳಗಿರುವ ಮೆಮೊರಿ ಕಂಟ್ರೋಲರ್‌ನಲ್ಲಿರಬಹುದು, ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳ ತಂತ್ರಾಂಶ) ಕೊಟ್ಟ ವೋಲ್ಟೇಜ್‌ನಲ್ಲೂ ಇರಬಹುದು. ಒಂದೊಂದೇ ಸ್ಟಿಕ್ ಹಾಕಿ, ಸ್ಲಾಟ್ ಬದಲಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ತಪ್ಪು ಸ್ಟಿಕ್ ಜೊತೆ ಹೋದರೆ ಸ್ಟಿಕ್‌ದು, ಸ್ಲಾಟ್‌ನಲ್ಲೇ ಉಳಿದರೆ ಬೋರ್ಡ್ ಅಥವಾ ಪ್ರೊಸೆಸರ್‌ದು.

ಅಂದಹಾಗೆ, ಮೆಮೊರಿ ತಪ್ಪುಗಳು ನಾವು ಅಂದುಕೊಂಡಷ್ಟು ಅಪರೂಪವಲ್ಲ. ಗೂಗಲ್ ತನ್ನ ಸರ್ವರ್‌ಗಳ ಮೇಲೆ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವರ್ಷದಲ್ಲಿ ಶೇ. 8ಕ್ಕಿಂತ ಜಾಸ್ತಿ ಮೆಮೊರಿ ಸ್ಟಿಕ್‌ಗಳಲ್ಲಿ ಕನಿಷ್ಠ ಒಂದು ತಪ್ಪಾದರೂ ಕಂಡಿತ್ತು. ಅವರಿಗೆ ಅದು ಗೊತ್ತಾದದ್ದು ಸರ್ವರ್‌ಗಳಲ್ಲಿ ಇಸಿಸಿ ಮೆಮೊರಿ (ತನ್ನ ತಪ್ಪನ್ನು ತಾನೇ ಹಿಡಿದು ತಿದ್ದುವ ಮೆಮೊರಿ) ಇದ್ದದ್ದರಿಂದ. ಅದು ದಿನದ 24 ಗಂಟೆಯೂ, ನಿಜವಾದ ಕೆಲಸ ನಡೆಯುವಾಗಲೇ, ಪ್ರತಿ ಓದನ್ನೂ ಪರೀಕ್ಷಿಸುತ್ತಿರುತ್ತದೆ. ಯಾವ ಟೆಸ್ಟ್ ಟೂಲ್‌ಗೂ ಆ ಭಾಗ್ಯ ಇಲ್ಲ. ಡಿಡಿಆರ್5 ಚಿಪ್‌ಗಳ ಒಳಗೇ ಇಸಿಸಿ ಇದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಅದು ಚಿಪ್ ಒಳಗಿನ ತಪ್ಪನ್ನು ಸದ್ದಿಲ್ಲದೆ ಸರಿಮಾಡುತ್ತದೆ ಅಷ್ಟೇ, ಚಿಪ್‌ನಿಂದ ಪ್ರೊಸೆಸರ್‌ಗೆ ಬರುವ ದಾರಿಯಲ್ಲಿ ಆಗುವ ತಪ್ಪಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರೊಸೆಸರ್: ಜೋರಾಗಿ ಓಡಿಸಿದರೆ ಸಾಲದು

ಪ್ರೈಮ್95 ಹುಟ್ಟಿದ್ದು ಟೆಸ್ಟ್ ಟೂಲ್ ಆಗಿ ಅಲ್ಲ. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಶುರುಮಾಡಿದ, ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಯೋಜನೆಯ ತಂತ್ರಾಂಶ ಅದು. ವಾರಗಟ್ಟಲೆ ನಡೆಯುವ ಲೆಕ್ಕದಲ್ಲಿ ಒಂದು ಬಿಟ್ ತಪ್ಪಿದರೂ ಎಲ್ಲ ಹಾಳು, ಹಾಗಾಗಿ ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಮಾಡಿಸಿ ಯಂತ್ರವನ್ನು ಪರೀಕ್ಷಿಸುವ ವ್ಯವಸ್ಥೆಯನ್ನು ಅದರೊಳಗೇ ಇಟ್ಟರು. ಇದರ ದೊಡ್ಡ ಗುಣ ಇದೇ: ಬರೀ ಬಿಸಿ ಮಾಡುವುದಿಲ್ಲ, ಉತ್ತರ ಸರಿ ಇದೆಯಾ ಅಂತ ನೋಡುತ್ತದೆ. 2016ರ ಜನವರಿಯಲ್ಲಿ ಇಂಟೆಲ್ ತನ್ನ ಸ್ಕೈಲೇಕ್ ಪ್ರೊಸೆಸರ್‌ಗಳಲ್ಲಿ ಪ್ರೈಮ್95ನಂಥ ಭಾರಿ ಲೆಕ್ಕ ನಡೆಯುವಾಗ ಯಂತ್ರ ಹ್ಯಾಂಗ್ ಆಗುವ ದೋಷವೊಂದಿದೆ ಅಂತ ಒಪ್ಪಿಕೊಂಡು ಬಯೋಸ್ ಮೂಲಕ ಸರಿಪಡಿಸಬೇಕಾಯಿತು. ಅದನ್ನು ಬೆಳಕಿಗೆ ತಂದದ್ದು ಈ ತಂತ್ರಾಂಶವೇ.

ಹಾಗಾದರೆ ಪ್ರೈಮ್95 ಇಪ್ಪತ್ನಾಲ್ಕು ಗಂಟೆ ಓಡಿದರೆ ಪ್ರೊಸೆಸರ್ ಗಟ್ಟಿ ಅಲ್ವಾ? ಅಲ್ಲ. ಇವತ್ತಿನ ಪ್ರೊಸೆಸರ್‌ಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ಎಲ್ಲ ಕೋರ್‌ಗಳ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕಗಳ) ಮೇಲೂ ಭಾರ ಬಿದ್ದರೆ ವಿದ್ಯುತ್ ಮತ್ತು ಬಿಸಿಯ ಮಿತಿಯೊಳಗೆ ಇರಲು ವೇಗ ಇಳಿಸಿಕೊಳ್ಳುತ್ತವೆ. ಒಂದೇ ಕೋರ್‌ಗೆ ಹಗುರ ಕೆಲಸ ಬಂದಾಗ ಆ ಕೋರ್ ತನ್ನ ಗರಿಷ್ಠ ವೇಗಕ್ಕೆ ಹಾರುತ್ತದೆ. ಅಂದರೆ ಅತಿ ಭಾರದ ಟೆಸ್ಟ್ ಓಡುವಾಗ ಪ್ರೊಸೆಸರ್ ತನ್ನ ಅತಿ ಹೆಚ್ಚು ವೇಗದಲ್ಲಿ ಇರುವುದೇ ಇಲ್ಲ! ಗುಡ್ಡ ಹತ್ತುವಾಗ ಗಟ್ಟಿಯಾಗಿ ಎಳೆಯುವ ಗಾಡಿ ಸಿಗ್ನಲ್‌ನಲ್ಲಿ ನಿಂತಾಗ ಆಫ್ ಆಗುವುದನ್ನು ನೋಡಿದವರಿಗೆ ಇದು ಹೊಸದಲ್ಲ. ವೋಲ್ಟೇಜ್ ಕಮ್ಮಿ ಮಾಡಿದ, ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್ ಇರುವ ಯಂತ್ರಗಳು ಭಾರಿ ಟೆಸ್ಟಿನಲ್ಲಿ ಪಾಸ್ ಆಗಿ, ಬ್ರೌಸರ್ ತೆರೆದಾಗ ರೀಸ್ಟಾರ್ಟ್ ಆಗುವುದು ಇದೇ ಕಾರಣಕ್ಕೆ. ಕೋರ್‌ಸೈಕ್ಲರ್ ಅನ್ನುವ ಸ್ಕ್ರಿಪ್ಟ್ ಹುಟ್ಟಿಕೊಂಡದ್ದೂ ಇದಕ್ಕೇ. ಅದು ಒಂದು ಸಲಕ್ಕೆ ಒಂದೇ ಕೋರ್ ಮೇಲೆ ಟೆಸ್ಟ್ ಓಡಿಸಿ, ಮುಂದಿನ ಕೋರ್‌ಗೆ ಹೋಗುತ್ತದೆ.

ಕೆಲಸ ಇಲ್ಲದ ಸ್ಥಿತಿಯಿಂದ ಪೂರ್ತಿ ಕೆಲಸದ ಸ್ಥಿತಿಗೆ ಜಿಗಿಯುವ ಆ ಕ್ಷಣವೂ ಒಂದು ಪರೀಕ್ಷೆಯೇ. ಕರೆಂಟ್ ಥಟ್ಟನೆ ಏರಿದಾಗ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ. ಗಂಟೆಗಟ್ಟಲೆ ಒಂದೇ ಸಮ ಓಡುವ ಟೆಸ್ಟ್‌ನಲ್ಲಿ ಈ ಜಿಗಿತ ಬರುವುದೇ ಕಮ್ಮಿ. ನಿಮ್ಮ ಮಾಮೂಲಿ ಕೆಲಸದಲ್ಲಿ ಅದು ಎಡೆಬಿಡದೆ ನಡೆಯುತ್ತಿರುತ್ತದೆ.

ಇನ್ನು ಕೆಲಸದ ಬಗೆ. 2017ರಲ್ಲಿ ಮೊದಲ ತಲೆಮಾರಿನ ರೈಜನ್ ಪ್ರೊಸೆಸರ್‌ಗಳು ಬಂದ ಹೊಸತರಲ್ಲಿ, ಲಿನಕ್ಸ್‌ನಲ್ಲಿ ಒಟ್ಟಿಗೆ ಹಲವು ಕಂಪೈಲ್ ಕೆಲಸ (ಕೋಡನ್ನು ಓಡಿಸಬಲ್ಲ ಪ್ರೋಗ್ರಾಂ ಆಗಿ ಬದಲಿಸುವುದು) ಹಚ್ಚಿದರೆ ಪ್ರೋಗ್ರಾಂಗಳು ಸೆಗ್ಮೆಂಟೇಶನ್ ಫಾಲ್ಟ್ (ತನ್ನದಲ್ಲದ ಮೆಮೊರಿ ಮುಟ್ಟಿದ ತಪ್ಪು) ಅಂತ ಬೀಳುತ್ತಿದ್ದವು. ಆ ವರ್ಷ ಆಗಸ್ಟ್‌ನಲ್ಲಿ ಎಎಂಡಿ ತೊಂದರೆ ಇರುವುದನ್ನು ಒಪ್ಪಿಕೊಂಡು, ಅಂಥ ಚಿಪ್ ಇರುವವರಿಗೆ ಬದಲಿಸಿ ಕೊಟ್ಟಿತು. ಅದನ್ನು ಹೊರಗೆಳೆಯಲು ಜನ ಬಳಸಿದ್ದು ಹೆಸರಾಂತ ಟೆಸ್ಟ್ ಟೂಲ್ ಅಲ್ಲ, ಜಿಸಿಸಿ ಅನ್ನುವ ಕಂಪೈಲರನ್ನೇ ಪದೇ ಪದೇ ಕಂಪೈಲ್ ಮಾಡುವ ಒಂದು ಪುಟ್ಟ ಸ್ಕ್ರಿಪ್ಟ್.

2024ರ ಇಂಟೆಲ್ ಕತೆ ಇದಕ್ಕಿಂತ ಜಾಸ್ತಿ ಪಾಠ ಹೇಳುತ್ತದೆ. 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದವರ ಗೇಮ್‌ಗಳು "ವಿಡಿಯೋ ಮೆಮೊರಿ ಸಾಲುತ್ತಿಲ್ಲ" ಅಂತ ಹೇಳಿ ಬೀಳುತ್ತಿದ್ದವು. ಸಂದೇಶ ಬೊಟ್ಟು ಮಾಡಿದ್ದು ಗ್ರಾಫಿಕ್ಸ್ ಕಾರ್ಡ್ ಕಡೆ. ಕೆಟ್ಟಿದ್ದು ಪ್ರೊಸೆಸರ್. ಗೇಮ್‌ನ ಶೇಡರ್‌ಗಳನ್ನು (ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಂಗಳನ್ನು) ಬಿಚ್ಚಿ ಸಿದ್ಧಪಡಿಸುವಾಗ ಪ್ರೊಸೆಸರ್ ತಪ್ಪು ಲೆಕ್ಕ ಮಾಡುತ್ತಿತ್ತು. ಹೆಚ್ಚಿನ ವೋಲ್ಟೇಜ್ ಮತ್ತು ಬಿಸಿಯಿಂದ ಕೋರ್ ಒಳಗಿನ ಕ್ಲಾಕ್ ಸರ್ಕ್ಯೂಟ್ ಸವೆಯುತ್ತಿದೆ ಅಂತ ಇಂಟೆಲ್ ಆಮೇಲೆ ವಿವರಿಸಿತು, ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶ) ಬದಲಾವಣೆಗಳನ್ನು ಬಿಟ್ಟಿತು, ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಮೈಕ್ರೋಕೋಡ್‌ನಿಂದ ಮುಂದೆ ಆಗುವ ಸವೆತ ತಪ್ಪಿಸಬಹುದು, ಆಗಲೇ ಸವೆದ ಚಿಪ್ ಅದರಿಂದ ರಿಪೇರಿ ಆಗುವುದಿಲ್ಲ. ಗಮನಿಸಿ: ಆ ಚಿಪ್ ಕೊಂಡ ದಿನ ಯಾವ ಟೆಸ್ಟ್ ಹಾಕಿದ್ದರೂ ಪಾಸ್ ಆಗಿಬಿಡುತ್ತಿತ್ತೇನೋ, ಅವತ್ತು ಅದು ಚೆನ್ನಾಗಿಯೇ ಇತ್ತಲ್ಲ! ಟೆಸ್ಟ್ ಹೇಳುವುದು ಇವತ್ತಿನ ಸ್ಥಿತಿ, ಆರು ತಿಂಗಳ ಮೇಲಿನದಲ್ಲ.

ದೊಡ್ಡ ಕಂಪನಿಗಳೂ ಇದರಲ್ಲಿ ಸಿಕ್ಕಿಕೊಂಡಿವೆ. ಫೇಸ್‌ಬುಕ್ ಎಂಜಿನಿಯರ್‌ಗಳು 2021ರಲ್ಲಿ ಬರೆದ ಪ್ರಬಂಧದಲ್ಲಿ ಒಂದು ಪ್ರೊಸೆಸರ್‌ನ ಕತೆ ಇದೆ. 1.1 ಅನ್ನು 53 ಸಲ ತನ್ನಿಂದ ತಾನೇ ಗುಣಿಸಿ ಪೂರ್ಣಾಂಕ ತೆಗೆದರೆ 156 ಬರಬೇಕು, ಅದರ ಒಂದು ಕೋರ್ ಮಾತ್ರ 0 ಅನ್ನುತ್ತಿತ್ತು. 52 ಸಲದ ಲೆಕ್ಕಕ್ಕೆ ಸರಿಯಾಗಿ 142 ಅಂತಲೇ ಉತ್ತರ ಕೊಡುತ್ತಿತ್ತು! ಕ್ರ್ಯಾಶ್ ಇಲ್ಲ, ಹ್ಯಾಂಗ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಫೈಲ್ ಸೈಜ್ ಸೊನ್ನೆ ಅಂತ ಲೆಕ್ಕ ಬಂದು ಡೇಟಾ ಮಾಯವಾದಾಗ ಮಾತ್ರ ಗೊತ್ತಾದದ್ದು. ಅದೇ ವರ್ಷ ಗೂಗಲ್‌ನವರು ತಮ್ಮಲ್ಲೂ ಕೆಲವು ಸಾವಿರ ಯಂತ್ರಗಳಿಗೆ ಒಂದೆರಡು ಇಂಥ ಚಂಚಲ ಕೋರ್‌ಗಳು ಸಿಗುತ್ತವೆ ಅಂತ ಬರೆದರು. ಕಾರ್ಖಾನೆಯ ಪರೀಕ್ಷೆಗಳನ್ನೆಲ್ಲ ದಾಟಿ ಬಂದ ಚಿಪ್‌ಗಳವು. ಅಂಥದ್ದನ್ನು ಮನೆಯಲ್ಲಿ ಒಂದು ರಾತ್ರಿಯ ಟೆಸ್ಟ್ ಹಿಡಿಯುತ್ತದೆ ಅಂತ ನಂಬುವುದು ಜಾಸ್ತಿಯಾಯಿತು.

ಡಿಸ್ಕ್, ಎಸ್‌ಎಂಪಿಎಸ್, ಗ್ರಾಫಿಕ್ಸ್

ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ವ್ಯವಸ್ಥೆಗೆ ಸ್ಮಾರ್ಟ್ ಅನ್ನುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಟೂಲ್‌ಗಳು ತೋರಿಸುವುದು ಇದನ್ನೇ. ಗೂಗಲ್ 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕ್‌ಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಎರಡು ಸಂಗತಿ ಕಂಡವು. ಸ್ಕ್ಯಾನ್ ಎರರ್ ಒಂದು ಬಂದರೂ, ಆ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ಉಳಿದವಕ್ಕಿಂತ 39 ಪಟ್ಟು ಜಾಸ್ತಿ. ಆದರೆ ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸದೇ ಕೆಟ್ಟಿದ್ದವು. ಫೇಲ್‌ಗೆ ತೂಕ ಇದೆ, ಪಾಸ್‌ಗೆ ಇಲ್ಲ ಅಂದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಅಂಕಿ ಬೇಕಿಲ್ಲ. ದೊಡ್ಡದಾಗಿ "ಗುಡ್" ಅಂತ ಬರೆದಿರುವುದನ್ನು ಬಿಟ್ಟು, ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿಸಿದ ಜಾಗ) ಮತ್ತು ಪೆಂಡಿಂಗ್ ಸೆಕ್ಟರ್ (ಓದಲಾಗದೆ ಅನುಮಾನದಲ್ಲಿರುವ ಜಾಗ) ಅನ್ನುವ ಸಾಲುಗಳ ಸಂಖ್ಯೆ ಏರುತ್ತಿದೆಯಾ ನೋಡಿ. ಸಿಆರ್‌ಸಿ ಎರರ್ (ಡೇಟಾ ಸಾಗುವ ದಾರಿಯಲ್ಲಿ ಆಗುವ ತಪ್ಪು) ಮಾತ್ರ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ, ಡಿಸ್ಕ್ ಬಹುಶಃ ಚೆನ್ನಾಗಿಯೇ ಇದೆ. ರಿಪೋರ್ಟ್ ಹೇಗೇ ಬರಲಿ, ಬ್ಯಾಕಪ್ ಬೇಕೇ ಬೇಕು.

ಕಂಪ್ಯೂಟರ್‌ಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ವಿಷಯದಲ್ಲಂತೂ ತಂತ್ರಾಂಶಕ್ಕೆ ಕಣ್ಣೇ ಇಲ್ಲ. 12 ವೋಲ್ಟ್ ಲೈನ್ ಶೇ. 5ರ ಒಳಗೆ, ಅಂದರೆ 11.4ರಿಂದ 12.6ರ ನಡುವೆ ಇರಬೇಕು ಅನ್ನುವುದು ಎಟಿಎಕ್ಸ್‌ನ (ಡೆಸ್ಕ್‌ಟಾಪ್ ಭಾಗಗಳ ಮಾನದಂಡ) ಹಳೆಯ ನಿಯಮ. ಅದನ್ನು ಸೆನ್ಸರ್‌ಗಳನ್ನು ಓದುವ ಎಚ್‌ಡಬ್ಲ್ಯುಇನ್ಫೋದಲ್ಲಿ ನೋಡಿ ಸರಿ ಇದೆ ಅನ್ನುತ್ತೇವೆ. ಆದರೆ ಆ ಟೂಲ್ ಸಾಮಾನ್ಯವಾಗಿ 2 ಸೆಕೆಂಡಿಗೊಮ್ಮೆ ಓದುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ ಮಾತಾಡುವುದು 100 ಮೈಕ್ರೋಸೆಕೆಂಡ್ ಹೊತ್ತು ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಎರಡು ಪಟ್ಟು ಭಾರ ತಡೆದುಕೊಳ್ಳಬೇಕು ಅಂತ. ಎರಡು ಓದುಗಳ ನಡುವೆ ಅಂಥ 20,000 ತುಣುಕು ಸಮಯ ಕಳೆದುಹೋಗಿರುತ್ತದೆ. ಗ್ರಾಫಿಕ್ಸ್ ಕಾರ್ಡ್ ಥಟ್ಟನೆ ಎಳೆದ ಕರೆಂಟಿಗೆ ಲೈನ್ ಕುಸಿದು ಯಂತ್ರ ಆಫ್ ಆದರೆ, ಟೂಲ್‌ನ ಕೊನೆಯ ಸಾಲಿನಲ್ಲಿ 12.1 ವೋಲ್ಟ್ ಅಂತಲೇ ಇರುತ್ತದೆ. ಇದಕ್ಕೆ ಉಲ್ಟಾ ಗಾಬರಿಯೂ ಉಂಟು: 12 ವೋಲ್ಟ್ ಜಾಗದಲ್ಲಿ 8 ವೋಲ್ಟ್ ತೋರಿಸುತ್ತಿದೆ, ಕಂಪ್ಯೂಟರ್ ಆರಾಮಾಗಿ ಓಡುತ್ತಿದೆ. ಅದು ಮದರ್‌ಬೋರ್ಡ್‌ನ ಸೆನ್ಸರ್ ಚಿಪ್ ಕೊಟ್ಟ ಸಂಖ್ಯೆಯನ್ನು ಟೂಲ್ ತಪ್ಪಾಗಿ ಗುಣಿಸಿದ್ದು. ನಿಜಕ್ಕೂ 8 ವೋಲ್ಟ್ ಇದ್ದಿದ್ದರೆ ನೀವು ಆ ಪರದೆಯನ್ನೇ ನೋಡುತ್ತಿರಲಿಲ್ಲ. ಎಸ್‌ಎಂಪಿಎಸ್ ಮೇಲೆ ಅನುಮಾನ ಇದ್ದರೆ ಬೇರೆ ಒಂದನ್ನು ಹಾಕಿ ನೋಡುವುದೇ ದಾರಿ.

ಗ್ರಾಫಿಕ್ಸ್ ಕಾರ್ಡ್‌ಗೆ ಫರ್‌ಮಾರ್ಕ್ ಓಡಿಸಿ ತೃಪ್ತಿಪಡುವವರು ಬಹಳ. ಅದು ಕಾರ್ಡನ್ನು ಕಾಯಿಸುತ್ತದೆ, ಫ್ಯಾನ್ ಮತ್ತು ಕೂಲಿಂಗ್ ಸರಿ ಇದೆಯಾ ಅಂತ ತಿಳಿಯಲು ಚೆನ್ನಾಗಿದೆ. ಅಷ್ಟು ಭಾರ ಬಿದ್ದಾಗ ಕಾರ್ಡ್ ಮಾಮೂಲಿ ಗೇಮ್‌ಗಿಂತ ಕಮ್ಮಿ ಕ್ಲಾಕ್‌ಗೆ ಇಳಿಯುತ್ತದೆ, ಮತ್ತೆ ಅದೇ ಪ್ರೊಸೆಸರ್ ಕತೆ. 3ಡಿಮಾರ್ಕ್‌ನ ಸ್ಟ್ರೆಸ್ ಟೆಸ್ಟ್ 20 ಸುತ್ತು ಓಡಿಸಿ, ಸುತ್ತಿನಿಂದ ಸುತ್ತಿಗೆ ಫ್ರೇಮ್ ದರ ಶೇ. 97ರಷ್ಟು ಸಮ ಇದ್ದರೆ ಪಾಸ್ ಅನ್ನುತ್ತದೆ. ಅದು ಅಳೆಯುವುದು ವೇಗ ಕುಸಿಯುತ್ತಿದೆಯಾ ಅನ್ನುವುದನ್ನು. ಚಿತ್ರದಲ್ಲಿ ಆಗುವ ತಪ್ಪುಗಳನ್ನು ಲೆಕ್ಕ ಹಾಕುವ ಟೆಸ್ಟ್ ಬೇಕಾದರೆ ಓಸಿಸಿಟಿಯಲ್ಲಿ ಸಿಗುತ್ತದೆ.

ಫೇಲ್ ಕೂಡ ದಾರಿ ತಪ್ಪಿಸಬಹುದು

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಕಂಡ ಕೂಡಲೇ ಎಸ್‌ಎಂಪಿಎಸ್ ಬದಲಿಸಿದವರು ಎಷ್ಟೋ. ಆ ಸಾಲಿನ ಅರ್ಥ "ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ" ಅಂತ ಅಷ್ಟೇ. ಹ್ಯಾಂಗ್ ಆಗಿ ನೀವೇ ಪವರ್ ಬಟನ್ ಒತ್ತಿ ಹಿಡಿದರೂ ಅದೇ ಬರುತ್ತದೆ. ನೀಲಿ ಪರದೆಯಲ್ಲಿ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಬಂದರೆ ರ‍್ಯಾಮ್ ಕೆಟ್ಟಿದೆ ಅಂತಲೇ ಅಲ್ಲ, ಕೆಟ್ಟ ಡ್ರೈವರ್‌ನಿಂದಲೂ ಬರುತ್ತದೆ. ಇವಕ್ಕಿಂತ ನಂಬಿಕೆಯ ಸಾಲು ವಿಂಡೋಸ್‌ನಲ್ಲಿ ಹಾರ್ಡ್‌ವೇರ್ ತಪ್ಪು ದಾಖಲಿಸುವ ಡಬ್ಲ್ಯುಎಚ್‌ಇಎ-ಲಾಗರ್ ಬರೆಯುವಂಥದ್ದು, ಏಕೆಂದರೆ ಅದನ್ನು ವರದಿ ಮಾಡುವುದು ಹಾರ್ಡ್‌ವೇರೇ. ಲಿನಕ್ಸ್‌ನಲ್ಲಿ ರಾಸ್‌ಡೀಮನ್ ಈ ಕೆಲಸ ಮಾಡುತ್ತದೆ. ಅಲ್ಲಿ "ಸರಿಪಡಿಸಿದ ತಪ್ಪು" ಅಂತ ಪದೇ ಪದೇ ಬರುತ್ತಿದ್ದರೆ ಕ್ರ್ಯಾಶ್ ಆಗದಿದ್ದರೂ ಅದನ್ನು ಕಡೆಗಣಿಸಬೇಡಿ.

ಓವರ್‌ಕ್ಲಾಕ್ ಮಾಡುವವರ ಒಂದು ವಾದ ಇದೆ: "ಪ್ರೈಮ್95ನಷ್ಟು ಭಾರ ನಿಜ ಜೀವನದಲ್ಲಿ ಬರುವುದಿಲ್ಲ, ಫೇಲ್ ಆದರೆ ಆಗಲಿ." ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ಬಿಸಿ ಮಿತಿ ಮುಟ್ಟಿ ವೇಗ ಇಳಿಯಿತು ಅಂದರೆ ಅದು ತಪ್ಪಲ್ಲ, ಪ್ರೊಸೆಸರ್ ತನ್ನನ್ನು ಕಾಪಾಡಿಕೊಂಡದ್ದು. ಲೆಕ್ಕದ ಉತ್ತರ ತಪ್ಪು ಬಂತು ಅಂದರೆ ಮಾತ್ರ ಕತೆ ಬೇರೆ. ಯಂತ್ರ ತಯಾರಕರ ಸೆಟ್ಟಿಂಗ್‌ನಲ್ಲೇ ಇದ್ದು ಉತ್ತರ ತಪ್ಪಿದರೆ ಯಾವ ಸಮಜಾಯಿಷಿಯೂ ಬೇಡ, ಅದು ದೋಷ.

ಹಾಗಾದರೆ ಏನು ಮಾಡಬೇಕು?

ಮೊದಲು ಬಯೋಸ್ ಅನ್ನು ಡೀಫಾಲ್ಟ್‌ಗೆ ತನ್ನಿ, ಎಕ್ಸ್‌ಎಂಪಿ ಕೂಡ ಆಫ್ ಮಾಡಿ. ಅರ್ಧದಷ್ಟು ಪ್ರಕರಣ ಅಲ್ಲೇ ಮುಗಿಯುತ್ತದೆ ಅಂತ ನನ್ನ ಅಂದಾಜು, ಲೆಕ್ಕ ಇಟ್ಟಿಲ್ಲ. ಆಮೇಲೆ ಲಾಗ್ ನೋಡಿ, ಮೆಮೊರಿ ಟೆಸ್ಟ್ ಹಾಕಿ, ಪ್ರೊಸೆಸರನ್ನು ಒಟ್ಟಾಗಿಯೂ ಕೋರ್ ಕೋರ್ ಆಗಿಯೂ ಪರೀಕ್ಷಿಸಿ. ಇವುಗಳಲ್ಲಿ ಏನೂ ಸಿಗದಿದ್ದರೆ, ಯಾವ ಕೆಲಸದಲ್ಲಿ ಕ್ರ್ಯಾಶ್ ಆಗುತ್ತದೋ ಆ ಕೆಲಸವೇ ನಿಮ್ಮ ಅತ್ಯುತ್ತಮ ಟೆಸ್ಟ್. ಗೇಮ್ ಆದರೆ ಗೇಮ್, ವಿಡಿಯೋ ಎನ್‌ಕೋಡ್ ಆದರೆ ಅದೇ. ದೊಡ್ಡ ಫೈಲೊಂದನ್ನು 7-ಜಿಪ್‌ನಲ್ಲಿ ಕುಗ್ಗಿಸಿ, ಅದರ ಟೆಸ್ಟ್ ಬಟನ್ ಒತ್ತಿ, ಹೀಗೇ ಹತ್ತಾರು ಸಲ ಮಾಡುವುದು ಕೂಡ ಕೆಲಸಕ್ಕೆ ಬರುತ್ತದೆ, ಏಕೆಂದರೆ ಒಂದು ಬಿಟ್ ತಪ್ಪಿದರೂ ಚೆಕ್‌ಸಮ್ (ಡೇಟಾ ಸರಿ ಇದೆಯಾ ಅಂತ ತಾಳೆ ನೋಡುವ ಸಂಖ್ಯೆ) ಹೊಂದುವುದಿಲ್ಲ. ಬದಲಾವಣೆ ಮಾತ್ರ ಒಂದು ಸಲಕ್ಕೆ ಒಂದೇ ಮಾಡಿ. ರ‍್ಯಾಮ್, ಡ್ರೈವರ್, ಎಸ್‌ಎಂಪಿಎಸ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಕಾರಣ ಗೊತ್ತಾಗುವುದಿಲ್ಲ.

ಸರಿಹೋಯಿತು ಅಂತ ಯಾವಾಗ ನಂಬಬೇಕು ಅನ್ನುವುದಕ್ಕೂ ಒಂದು ಅಳತೆ ಇದೆ. ಮೊದಲು ಸರಾಸರಿ ಎಷ್ಟು ದಿನಕ್ಕೊಮ್ಮೆ ಕ್ರ್ಯಾಶ್ ಆಗುತ್ತಿತ್ತೋ, ಅದರ ಮೂರು ಪಟ್ಟು ದಿನ ಸುಮ್ಮನೆ ಕಾಯಿರಿ. ಎರಡು ದಿನಕ್ಕೊಮ್ಮೆ ಆಗುತ್ತಿದ್ದರೆ ಆರು ದಿನ, ವಾರಕ್ಕೊಮ್ಮೆ ಆದರೆ ಮೂರು ವಾರ. ಏನೂ ಸರಿಹೋಗದೆ, ಬರೀ ಅದೃಷ್ಟದಿಂದ ಅಷ್ಟು ದಿನ ನೆಮ್ಮದಿಯಾಗಿ ಕಳೆಯುವ ಸಾಧ್ಯತೆ ಶೇ. 5 ಮಾತ್ರ.

ಭಾಗವನ್ನು ವಾರಂಟಿಗೆ ಕಳಿಸುವುದಾದರೆ ಇದೇ ಲೆಕ್ಕ ನಿಮ್ಮ ವಿರುದ್ಧವೂ ಕೆಲಸ ಮಾಡುತ್ತದೆ. ಅಲ್ಲಿಯವರು ಅರ್ಧ ಗಂಟೆ ಟೆಸ್ಟ್ ಹಾಕಿ, ಪಾಸ್ ಬಂತು, "ತೊಂದರೆ ಕಾಣಲಿಲ್ಲ" ಅಂತ ಚೀಟಿ ಅಂಟಿಸಿ ವಾಪಸ್ ಕಳಿಸಬಹುದು. ಆದ್ದರಿಂದ ಬರೀ "ಹ್ಯಾಂಗ್ ಆಗುತ್ತದೆ" ಅಂತ ಬರೆಯಬೇಡಿ. ಬಯೋಸ್ ಡೀಫಾಲ್ಟ್‌ನಲ್ಲೇ ಆದದ್ದು, ಯಾವ ಟೆಸ್ಟ್‌ನ ಯಾವ ಹಂತದಲ್ಲಿ, ಎಷ್ಟು ಹೊತ್ತಿಗೆ, ಯಾವ ಕೋರ್ ಅಥವಾ ಯಾವ ಸ್ಲಾಟ್‌ನಲ್ಲಿ ಅನ್ನುವುದನ್ನು ಬರೆದು, ಪರದೆಯ ಫೋಟೋ ಜೊತೆಗಿಡಿ. ಬೇರೆ ಬೋರ್ಡ್‌ನಲ್ಲೂ ಅದೇ ಭಾಗ ತಪ್ಪು ತೋರಿಸಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.